ಗಾರೆ ಮೆತ್ತುವ ಮುನ್ನ

ಹಳೆಯ ಮನೆಯನ್ನು ನವೀಕರಿಸಲು ಉದ್ಯುಕ್ತರಾದವರು ನೆಲಕ್ಕೆ ಹಾಸುವ ಕಲ್ಲನ್ನೂ ಗೋಡೆಗೆ ಬಳಿಯುವ ಬಣ್ಣವನ್ನೂ ಕುರಿತು ಎಷ್ಟು ಆಲೋಚಿಸುವರೋ, ಗೋಡೆಯೊಳಗೆ ಅಡಗಿಹೋಗುವ ಟೀವಿ ಕೇಬಲ್ಲನ್ನು ಕುರಿತೂ ಅಷ್ಟೇ ಆಲೋಚಿಸುವುದು ಉಚಿತ; ಏಕೆಂದರೆ ಗಾರೆ ಒಣಗಿ ಬಣ್ಣ ಬಿದ್ದಮೇಲೆ ಮರೆತುದನ್ನು ಸರಿಪಡಿಸಬೇಕಾದರೆ ಗೋಡೆಯನ್ನು ಮತ್ತೆ ಒಡೆಯದೆ ಗತ್ಯಂತರವಿಲ್ಲ.

ಮೊದಲು ಡಿಶ್ಶಿನ ಸ್ಥಾನವನ್ನು ನಿಶ್ಚಯಿಸಿಕೊಳ್ಳಿ. ಡಿಡಿ ಫ್ರೀ ಡಿಶ್ ಪ್ರಸಾರವಾಗುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲಸಿರುವುದರಿಂದ, ಬೆಂಗಳೂರಿನವರಿಗೆ ಆಗ್ನೇಯ ದಿಕ್ಕಿನ ಆಕಾಶವು ತೆಂಗಿನ ಗರಿಯ ಮರೆಯೂ ಇಲ್ಲದಂತೆ ತೆರೆದಿರಬೇಕು. ಅಲ್ಲಿಂದ ಟೀವಿ ಇಡುವ ಪ್ರತಿಯೊಂದು ಕೋಣೆಗೂ ಪ್ರತ್ಯೇಕವಾದ ಆರ್‌ಜಿ-6 ಕೇಬಲ್ಲನ್ನು ಎಳೆಸತಕ್ಕದ್ದು. ಸೆಟ್‌ಟಾಪ್ ಬಾಕ್ಸು ಅದೇ ತಂತಿಯ ಮೂಲಕ 13 ಅಥವಾ 18 ವೋಲ್ಟನ್ನು ಕಳುಹಿಸಿ ತನಗೆ ಬೇಕಾದ ತರಂಗಸಮೂಹವನ್ನು ಆರಿಸಿಕೊಳ್ಳುವುದರಿಂದ, ಒಂದೇ ತಂತಿಯನ್ನು ಕವಲೊಡೆಸಿ ಎರಡು ಬಾಕ್ಸುಗಳಿಗೆ ಹಂಚಿದರೆ ಒಂದರ ಆಯ್ಕೆಗೆ ಇನ್ನೊಂದು ವಿಘ್ನವಾಗುತ್ತದೆ.

ಕೇಬಲ್ಲನ್ನು ಬರಿಯ ಗಾರೆಯಲ್ಲಿ ಹೂಳದೆ ಪಿವಿಸಿ ಕೊಳವೆಯೊಳಗೆ ಹಾಯಿಸಿ, ವಿದ್ಯುತ್ ತಂತಿಗಳಿಂದ ಒಂದು ಅಡಿಯಾದರೂ ದೂರವಿರಿಸಿ, ತಿರುವುಗಳಲ್ಲಿ ಮಡಿಸದೆ ಬಳುಕಿಸಿ ಒಯ್ದು, ಗೋಡೆಯೊಳಗೆ ಎಲ್ಲಿಯೂ ಜೋಡಣೆ ಬಾರದಂತೆ ನೋಡಿಕೊಳ್ಳಿ. ಜೊತೆಗೆ ಇಂಟರ್‌ನೆಟ್ಟಿಗಾಗಿ ಒಂದು ಕ್ಯಾಟ್-6 ತಂತಿಯನ್ನೂ, ಮುಂದೆಂದಾದರೂ ಹೊಸತನ್ನು ಎಳೆಯಲು ಒಂದು ನೈಲಾನ್ ಹುರಿಯನ್ನೂ ಕೊಳವೆಯಲ್ಲಿ ಬಿಡಿ. ಪ್ರತಿ ತಂತಿಯ ಎರಡು ತುದಿಗೂ ಕೋಣೆಯ ಹೆಸರಿನ ಚೀಟಿ ಕಟ್ಟಿ, ಗಾರೆ ಬೀಳುವ ಮುನ್ನ ಅಳತೆಪಟ್ಟಿಯನ್ನಿಟ್ಟು ಗೋಡೆಗಳ ಛಾಯಾಚಿತ್ರ ತೆಗೆದಿಟ್ಟುಕೊಂಡರೆ, ಮುಂದೆ ಮೊಳೆ ಹೊಡೆಯುವವರು ತಂತಿಗೆ ಪೆಟ್ಟಾಗದಂತೆ ನಿಶ್ಚಿಂತೆಯಿಂದ ಹೊಡೆಯಬಹುದು.