ಮೋಟಾರ್ ಎತ್ತಿಸುವ ಮುನ್ನ ಪ್ಯಾನಲ್ ಬಾಗಿಲು ತೆಗೆಯಿರಿ

"ಮೋಟ್ರು ಸುಟ್ಟೋಗಿದೆ ಸಾರ್, ಎತ್ಬೇಕು." ಬೇಸಿಗೆ ಬಂತೆಂದರೆ ಯಲಹಂಕದ ನಮ್ಮ ಬೀದಿಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತಿದು. ಎಷ್ಟೋ ಸಲ ಬೋರಿನ ಮುಖವನ್ನೂ ನೋಡದೆ ಫೋನಿನಲ್ಲೇ ತೀರ್ಪು ಬಂದಿರುತ್ತದೆ. ಎರಡು ವರ್ಷದ ಹಿಂದೆ ನಾನೂ ಅದನ್ನು ನಂಬಿ ಮೂವತ್ತು ಜಿಐ ಪೈಪು ಎತ್ತಿಸಿದೆ. ಮೇಲೆ ಬಂದ ಮೋಟಾರನ್ನು ಡ್ರಮ್ಮಿನ ನೀರಿನಲ್ಲಿಟ್ಟು ಹೊಸ ಕಂಡೆನ್ಸರ್ ಹಾಕಿ ಕರೆಂಟು ಕೊಟ್ಟದ್ದೇ ತಡ, ಗುಂಯ್ ಎಂದು ತಿರುಗಿತು! ಸುಟ್ಟಿದ್ದದ್ದು ಪ್ಯಾನಲ್ ಬೋರ್ಡಿನೊಳಗಿನ ಹಳೇ ಕಂಡೆನ್ಸರ್. ಗಾಡಿ ಬಾಡಿಗೆ, ಆಳಿನ ಕೂಲಿ ಎರಡೂ ದಂಡ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ಈ ದಂಡ ಸಣ್ಣದಲ್ಲ. ಕಾಲಡಿಯಿರುವುದು ಗಟ್ಟಿ ಬಂಡೆ, ನೀರಿರುವುದು ಅದರ ಬಿರುಕುಗಳಲ್ಲಿ. ಆರುನೂರು, ಎಂಟುನೂರು ಅಡಿಯಲ್ಲಿ ಪಂಪು ನೇತುಹಾಕಿರುವ ಮನೆಗಳು ಇಲ್ಲಿ ಮಾಮೂಲು. ಹಾಗಾಗಿ ರಿಪೇರಿ ಶುರುವಾಗಬೇಕಾದದ್ದು ಬೋರಿನ ಹತ್ತಿರವಲ್ಲ, ಗೋಡೆಯ ಮೇಲಿನ ಡಬ್ಬಿಯ ಹತ್ತಿರ.

ಮೊದಲು ವೋಲ್ಟೇಜ್ ನೋಡಿ. ಸಿಂಗಲ್ ಫೇಸಿಗೆ 230ರ ಆಸುಪಾಸು ಇರಬೇಕು. ತೀರಾ ಕೆಳಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಸರಿಯಿದ್ದರೆ ಸ್ವಿಚ್ ಹಾಕಿ ಆಂಪ್ಸ್ ಮೀಟರಿನ ಮುಳ್ಳನ್ನು ಗಮನಿಸಿ, ಅರ್ಧ ಕಥೆ ಅದೇ ಹೇಳುತ್ತದೆ. ಮುಳ್ಳು ಕದಲದಿದ್ದರೆ ಕರೆಂಟು ಕೆಳಗೆ ಹೋಗುತ್ತಿಲ್ಲ: ಸ್ಟಾರ್ಟರ್, ಕೇಬಲ್ ಅಥವಾ ವೈಂಡಿಂಗ್ ಎಲ್ಲೋ ಕಡಿದಿದೆ. ಮುಳ್ಳು ಜಿಗಿದು ಮೇಲೆ ನಿಂತು ಟ್ರಿಪ್ ಆದರೆ ಕಂಡೆನ್ಸರ್ ಹೋಗಿದೆ, ಇಲ್ಲವೇ ಪಂಪಿಗೆ ಮರಳು ಸಿಕ್ಕಿಕೊಂಡಿದೆ, ಅಥವಾ ವೈಂಡಿಂಗೇ ಹೋಗಿದೆ. ಆಂಪ್ಸ್ ಮಾಮೂಲಿಗಿಂತ ಕಡಿಮೆಯಿದ್ದು ನೀರೇ ಬಾರದಿದ್ದರೆ ಬೋರಿನಲ್ಲಿ ನೀರಿಲ್ಲ ಅಥವಾ ಶಾಫ್ಟ್ ಮುರಿದಿದೆ. ಆಗ ತಕ್ಷಣ ಆಫ್ ಮಾಡಿ. ಆಂಪ್ಸ್ ಸರಿಯಿದ್ದು ನೀರು ಸಣ್ಣಗೆ ಬಂದರೆ ಮೋಟಾರ್ ನಿಲ್ಲಿಸಿ ಕೇಸಿಂಗ್ ಬಾಯಿಗೆ ಕಿವಿಯಿಡಿ. ಒಳಗೆ ನೀರು ಸುರಿಯುವ ಸದ್ದು ಕೇಳಿಸಿದರೆ ಪೈಪು ತೂತಾಗಿರಬಹುದು. ತ್ರೀ ಫೇಸ್ ಇರುವವರಿಗೆ ಇನ್ನೊಂದು ಮಾತು: ಲೈನ್ ಕೆಲಸ ನಡೆದ ಮಾರನೇ ದಿನವೇ ನೀರು ಕಡಿಮೆಯಾಗಿದ್ದರೆ ಫೇಸ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುತ್ತಿರಬಹುದು. ಎಲೆಕ್ಟ್ರಿಷಿಯನ್ ಎರಡು ವೈರು ಬದಲಿಸಿದರೆ ಮುಗಿಯಿತು.

ಕಂಡೆನ್ಸರಿನ ತಲೆ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್, ವೋಲ್ಟೇಜಿನದ್ದನ್ನೇ ತಂದು ಹಾಕಿಸಿ. ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಬರಿಗೈ ತಾಗಿಸಬೇಡಿ.

ಇಷ್ಟಾದರೂ ಓಡದಿದ್ದರೆ ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ಬೋರಿಗೆ ಇಳಿಯುವ ಮೂರು ವೈರು ಬಿಚ್ಚಿ ಎರಡೆರಡರ ನಡುವೆ ಓಮ್ಸ್ ಅಳೆಯಲಿ. ಸಿಂಗಲ್ ಫೇಸ್ ಮೋಟಾರಿನಲ್ಲಿ ದೊಡ್ಡ ಅಳತೆ ಉಳಿದೆರಡರ ಮೊತ್ತಕ್ಕೆ ಹತ್ತಿರವಿರಬೇಕು. ಆಮೇಲೆ ವೈರಿಗೂ ಅರ್ತಿಗೂ ನಡುವೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಸಿ. ಅರ್ಧ ಮೆಗಾಓಮಿಗಿಂತ ಕೆಳಗೆ ತೋರಿಸಿದರೆ ಎಲ್ಲೋ ನೀರು ಹೊಕ್ಕಿದೆ ಎಂದರ್ಥ. ಈಗ ಗಾಡಿ ಕರೆಸಬಹುದು.

ಎತ್ತುವಾಗ ಕೇಬಲ್ ಹಿಡಿದು ಎಳೆಯಕೂಡದು. ಭಾರವೆಲ್ಲ ಪೈಪು, ಕ್ಲ್ಯಾಂಪಿನ ಮೇಲೇ ಇರಬೇಕು. ನೀವು ಪಕ್ಕದಲ್ಲಿ ನಿಂತು ಪೈಪು ಎಣಿಸಿ. ನೀರಿನಲ್ಲಿ ಮುಳುಗಿದ್ದ ಪೈಪಿನ ಬಣ್ಣವೇ ಬೇರೆ. ನಮ್ಮಲ್ಲಿ 27ನೇ ಪೈಪಿನಿಂದ ಕೆಂಪು ಕಲೆ ಶುರುವಾಗಿತ್ತು: ಇಪ್ಪತ್ತಡಿ ಪೈಪಿನ ಲೆಕ್ಕದಲ್ಲಿ 520 ಅಡಿಗೆ ನೀರು, ಪಂಪಿನ ಮೇಲೆ ಉಳಿದದ್ದು ಬರೀ 80 ಅಡಿ. ಎಲ್ಲ ಮೇಲೆ ಬಂದೊಡನೆ ಬೋರಿನ ಬಾಯಿ ಮುಚ್ಚಿಸಿ. ಸ್ಪ್ಯಾನರ್ ಬಿದ್ದರೆ ಬೋರೇ ಹಾಳು, ಮಗು ಬಿದ್ದರೆ ಹೇಳುವುದೇ ಬೇಡ.

ರಿಪೇರಿಯೋ ಹೊಸದೋ? ಕೇಬಲ್ ಜಾಯಿಂಟ್ ಮಾತ್ರ ಹೋಗಿದ್ದರೆ ರಿಪೇರಿ. ನೀರು ತುಂಬುವ ಮೋಟಾರಾದರೆ ರೀವೈಂಡಿಂಗ್ ಮಾಡಿಸಬಹುದು. ವೈಂಡಿಂಗ್, ಬೇರಿಂಗ್, ಇಂಪೆಲ್ಲರ್ ಮೂರೂ ಸವೆದಿದ್ದರೆ ಹೊಸದೇ ವಾಸಿ. ಹಳೇ ಮೋಟಾರಿನ ತಾಮ್ರಕ್ಕೂ ಬೆಲೆಯಿದೆ, ಬಿಲ್ಲಿನಲ್ಲಿ ಕಳೆಯಲು ಹೇಳಿ.

ಹೊಸದು ಕೊಳ್ಳುವಾಗ ಎಚ್‌ಪಿ ಒಂದನ್ನೇ ಕೇಳಬೇಡಿ, ಹೆಡ್, ಅಂದರೆ ನೀರೆತ್ತುವ ಎತ್ತರ, ಎಷ್ಟು ಮೀಟರ್ ಎಂದು ಕೇಳಿ. 600 ಅಡಿಯೆಂದರೆ 183 ಮೀಟರ್. ಮೇಲೆ ಓವರ್‌ಹೆಡ್ ಟ್ಯಾಂಕಿನ ಎತ್ತರ, ಪೈಪಿನ ಘರ್ಷಣೆ ಸೇರಿ 200 ದಾಟುತ್ತದೆ. ಹಾಗೆಂದು ಬೋರು ಕೊಡುವುದಕ್ಕಿಂತ ಹೆಚ್ಚು ಎಳೆಯುವ ಪಂಪೂ ಬೇಡ. ಅದು ನೀರು ಖಾಲಿ ಮಾಡಿ ಒಣಗಿ ಓಡಿ ಸುಡುತ್ತದೆ. ಇನ್ನು, ಬೆಂಗಳೂರಿನ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿದೆ. ನಿಮ್ಮ ಬೀದಿಗೆ ಲೈನ್ ಬಂದಿದ್ದರೆ ಸಣ್ಣ ಪಂಪೇ ಸಾಕಾದೀತು. ಪಂಪ್‌ಸೆಟ್ಟಿನ ಮೇಲೆ ಐಎಸ್ 8034 ಗುರುತು ನೋಡಿ. ಕೇಬಲ್ಲಿನಲ್ಲಿ ಜಿಪುಣತನ ಮಾಡಬೇಡಿ: 600 ಅಡಿಗೆ 2.5 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿದರೆ 10 ಆಂಪ್ಸಿಗೆ ಸುಮಾರು 27 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 4 ಚದರ ಮಿ.ಮೀ.ಗೆ ಸುಮಾರು 17.

ಜಾಯಿಂಟ್ ಹಾಕುವಾಗ ಕಣ್ಣು ಬೇರೆಡೆ ಹೋಗದಿರಲಿ. ಮೂರು ವೈರನ್ನೂ ಒಂದೇ ಜಾಗದಲ್ಲಿ ಕತ್ತರಿಸದೆ ಮೆಟ್ಟಿಲಿನಂತೆ ಹಿಂದೆ ಮುಂದೆ ಕತ್ತರಿಸಬೇಕು. ತಾಮ್ರ ಬೆಸೆದ ಮೇಲೆ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪು. ಸುತ್ತಿದ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮತ್ತೊಮ್ಮೆ ಮೆಗ್ಗರ್ ಹಿಡಿಯಲು ಹೇಳಿ. "ಅದೆಲ್ಲ ಬೇಡ ಸಾರ್, ಇಪ್ಪತ್ತು ವರ್ಷದಿಂದ ಹಾಕ್ತಿದೀನಿ" ಅಂದರು ನಮ್ಮ ಮೇಸ್ತ್ರಿ. ನಾನೇ ಬಕೆಟ್ ತಂದಿಟ್ಟೆ. ಮೊದಲ ಜಾಯಿಂಟ್ ಫೇಲಾಯಿತು.

ನೀರು ತುಂಬುವ ಮೋಟಾರಿಗೆ ಗುಳ್ಳೆ ನಿಲ್ಲುವವರೆಗೆ ಶುದ್ಧ ನೀರು ತುಂಬಿಸಿ, ಹತ್ತಡಿಗೊಮ್ಮೆ ಕೇಬಲ್ಲನ್ನು ಪೈಪಿಗೆ ಕಟ್ಟಿಸುತ್ತಾ ಇಳಿಸಿ. ತಳದ ಕೆಸರು ಎಳೆಯದಂತೆ ಪಂಪು ಇಪ್ಪತ್ತಡಿ ಮೇಲೇ ನಿಲ್ಲಲಿ. ಮೊದಲು ಬರುವ ಕೆಂಪು ನೀರು ಸಂಪಿಗೆ ಬೇಡ, ಮೋರಿಗೆ ಬಿಡಿ. ನೀರು ತಿಳಿಯಾದ ಮೇಲೆ ಆಂಪ್ಸ್, ವೋಲ್ಟೇಜ್, ಪೈಪಿನ ಲೆಕ್ಕ, ತಾರೀಕು ಇಷ್ಟನ್ನು ಪ್ಯಾನಲ್ ಬಾಗಿಲ ಒಳಮೈಯಲ್ಲಿ ಮಾರ್ಕರಿನಿಂದ ಬರೆಯಿರಿ. ನಮ್ಮದರಲ್ಲಿ ಹೀಗಿದೆ: 30 ಪೈಪು, ನೀರು 520, ಆಂಪ್ಸ್ 10.