ಮಾಲು ಮತ್ತು ಮಾಲ್

ಮಕ್ಕಳೇ, ನಮ್ಮ ಸಾಂಗಲಿ ಪೇಟೆಯಲ್ಲಿ ‘ಮಾಲು’ ಎಂದರೆ ಮಾರಾಟದ ಸಾಮಾನು. ‘ಮಾಲ್’ ಎಂದರೆ ಬೇರೆ. ಒಂದೇ ಕಟ್ಟಡದಲ್ಲಿ ಹಲವು ಅಂಗಡಿಗಳಿದ್ದರೆ ಅದು ಮಾಲ್. ಕಡಲ ತೀರದ ಮಂಗಳೂರಿಗೆ ಪ್ರವಾಸಿಗರು ಬರುತ್ತಾರೆ. ಅಲ್ಲಿನ ಪಾಂಡೇಶ್ವರದಲ್ಲಿ 2014ರಲ್ಲಿ ಇಂತಹ ದೊಡ್ಡ ಮಾಲ್ ತೆರೆಯಿತು.

ಸಾಂಗಲಿ ಅರಿಶಿನದ ದೊಡ್ಡ ಪೇಟೆ. ರೈತರು ಅರಿಶಿನವನ್ನು ಬೇಯಿಸಿ, ಒಣಗಿಸಿ, ಚೀಲ ತುಂಬಿ ತರುತ್ತಾರೆ. ವ್ಯಾಪಾರಿಗಳು ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುತ್ತಾರೆ. ಆಮೇಲೆ ಸವಾಲು ನಡೆಯುತ್ತದೆ. ಹೆಚ್ಚು ಬೆಲೆ ಕೂಗಿದವರಿಗೆ ಮಾಲು ಸಿಗುತ್ತದೆ.

ಹಿಂದೆ ಸಮೀಪದ ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ಕೂಡಿಡುತ್ತಿದ್ದರು. 2005ರ ಮಹಾಪೂರದಲ್ಲಿ ಬಹಳಷ್ಟು ಹಗೇವುಗಳು ಹಾಳಾದವು. ಆದರೂ ಸಾಂಗಲಿಯ ಅರಿಶಿನದ ಹೆಸರು ಉಳಿಯಿತು. 2018ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೇರೆ ಕಡೆಯ ಅರಿಶಿನವನ್ನು ಈ ಹೆಸರಿನಿಂದ ಮಾರುವಂತಿಲ್ಲ.

ಮಾಲ್‌ನಲ್ಲಿ ಅರಿಶಿನ ಪುಡಿ ಪೊಟ್ಟಣದಲ್ಲಿರುತ್ತದೆ. ಅದನ್ನು ಒಡೆದು ನೋಡಲು ಬರುವುದಿಲ್ಲ. ಅಲ್ಲಿ ಓದು ಬೇಕು. ಪೊಟ್ಟಣದ ಮೇಲೆ ತೂಕ, ತಯಾರಿಸಿದವರ ಹೆಸರು, ದಿನಾಂಕ, ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತವೆ. ಆ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವಂತಿಲ್ಲ. ಕೊಂಡ ವಸ್ತುವಿಗೆ ಬಿಲ್ ಪಡೆಯಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಈ ನಿಯಮ ಮಾಲ್‌ಗೂ ಒಂದೇ, ಮಿರಜಿನ ಚಿಕ್ಕ ಕಿರಾಣಿ ಅಂಗಡಿಗೂ ಒಂದೇ.

ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರ ಜೊತೆ ಪೇಟೆಗೆ ಹೋಗಿರಿ. ಪೊಟ್ಟಣದ ಮೇಲಿನ ಬರಹವನ್ನು ಅವರಿಗೆ ಓದಿ ಹೇಳಿರಿ. ಒಳ್ಳೆಯ ಕೊಂಬು ಯಾವುದೆಂದು ಅವರಿಂದ ಕೇಳಿ ಕಲಿಯಿರಿ.

ಮಾಡಿ ನೋಡಿರಿ: ಮನೆಯಲ್ಲಿರುವ ಮೂರು ಪೊಟ್ಟಣಗಳ ತೂಕ, ಬೆಲೆ, ದಿನಾಂಕಗಳನ್ನು ವಹಿಯಲ್ಲಿ ಬರೆಯಿರಿ.