ಡಬ್ಬಿಯೊಳಗಿನ ಗುಲಗಂಜಿ ಹುಳು

ಪ್ರಶ್ನೆ: ಅಲಸಂದೆ ಗಿಡದಿಂದ ಮಗಳು ಹಿಡಿದು ತಂದ ಗುಲಗಂಜಿ ಹುಳುಗಳು ಡಬ್ಬಿಯಲ್ಲಿ ನಾಲ್ಕೈದು ದಿನಕ್ಕೇ ಸಾಯುತ್ತಿವೆ. ಹಾಕಿದ ಎಲೆ ಮುಟ್ಟುವುದೂ ಇಲ್ಲ. ಏನು ಮಾಡಲಿ?
– ಗೃಹಿಣಿ, ಹೊಳೆನರಸೀಪುರ

ಉತ್ತರ: ಎಲೆ ಅವುಗಳ ಊಟವಲ್ಲಮ್ಮ, ಸಸ್ಯಹೇನು ಬೇಕು. ಹೇನು ಮುತ್ತಿದ ಅಲಸಂದೆ ಕುಡಿಗಳನ್ನೇ ದಿನಾ ಕಿತ್ತು ಹಾಕಿ. ಔಷಧಿ ಹೊಡೆದ ಹೊಲದ್ದು ಮಾತ್ರ ಬೇಡ. ಮುಚ್ಚಳ ತೆಗೆದು ತೆಳು ಬಟ್ಟೆ ಕಟ್ಟಿ. ನೀರಿಗೆ ಒದ್ದೆ ಹತ್ತಿ ಸಾಕು, ಬಟ್ಟಲಿಟ್ಟರೆ ಮುಳುಗುತ್ತವೆ. ಎಲೆಯಡಿ ಹಳದಿ ಮೊಟ್ಟೆಗಳ ಗುಂಪು ಕಂಡರೆ ಬೇರೆ ಡಬ್ಬಿಗೆ ಸಾಗಿಸಿ. ಹಸಿದ ಮರಿಹುಳುಗಳು ಒಡಹುಟ್ಟಿದವನ್ನೂ ಬಿಡುವುದಿಲ್ಲ!

ಒಂದು ಎಚ್ಚರಿಕೆ: ಮಂಕು ಮೈಯ ಮೇಲೆ 28 ಚುಕ್ಕಿಗಳಿದ್ದು, ಆಲೂಗಡ್ಡೆ, ಬದನೆ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವುದಿದ್ದರೆ ಅದು ಬೆಳೆಯ ಶತ್ರು, ಸಾಕಬೇಡಿ. ಗುರುತು ಹತ್ತದಿದ್ದರೆ ಹುಳುವನ್ನೇ ಸಣ್ಣ ಸೀಸೆಯಲ್ಲಿ ಹಾಕಿಕೊಂಡು ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.